ಬರಿಗೈಯ ಮೂಲ ಆಯುಧವೇ?

ಶ್ರಾವಕನು ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಗೆ ಸಾಧನವಾಗಬಲ್ಲ ವಸ್ತುವನ್ನು ಇನ್ನೊಬ್ಬರ ಕೈಗೆ ನಿಷ್ಕಾರಣವಾಗಿ ಒಪ್ಪಿಸಬಾರದೆಂಬುದು ಇದರ ತಾತ್ಪರ್ಯ. ವಸ್ತುವಿಗೆ ಅನ್ವಯಿಸುವ ಈ ನಿಯಮವು ವಿದ್ಯೆಗೂ ಅನ್ವಯಿಸುವುದೇ? ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಆತ್ಮರಕ್ಷಣೆಯ ತರಬೇತಿಗೆ ಕಳುಹಿಸುವ ತಂದೆತಾಯಿಗಳಿಗೆ ಇದು ನಿಜವಾದ ಸಮಸ್ಯೆ. ಬರಿಗೈಯ ವಿದ್ಯೆಯಾದರೆ ದೋಷವಿಲ್ಲವೆಂದು ಕೆಲವರ ಮತ. ಬರಿಗೈಯ ವರಸೆಗಳೂ ಕತ್ತಿಯಿಂದಲೇ ಹುಟ್ಟಿದವು, ಕತ್ತಿ ಹೋದರೂ ಅದರ ಗುಣ ಉಳಿದಿದೆಯೆಂದು ಮತ್ತೆ ಕೆಲವರ ಆಕ್ಷೇಪ. ಆದುದರಿಂದ ಮೂಲದ ವಿಚಾರವನ್ನು ಮೊದಲು ಪರಿಶೀಲಿಸುವುದು ಯುಕ್ತ.

ಜಪಾನಿನ ಐಕಿಡೊ ವಿದ್ಯೆ ಇದಕ್ಕೆ ಉತ್ತಮ ನಿದರ್ಶನ. ಇದರ ಸ್ಥಾಪಕನಾದ ಉಯೆಶಿಬಾ ಮೊರಿಹೆಯ್ (1883–1969) ಎದುರಾಳಿಗೂ ಕೇಡಾಗದಂತೆ ಕಲಹವನ್ನು ಶಮನಗೊಳಿಸುವುದೇ ತನ್ನ ವಿದ್ಯೆಯ ಗುರಿಯೆಂದು ಬೋಧಿಸಿದನು. ಆದರೆ ಅದರ ಅನೇಕ ವರಸೆಗಳು ಎದುರಾಳಿಯು ಮಣಿಕಟ್ಟನ್ನು ಹಿಡಿಯುವುದರಿಂದ ಆರಂಭವಾಗುತ್ತವೆ. ನಿರಾಯುಧರ ಜಗಳದಲ್ಲಿ ಮಣಿಕಟ್ಟನ್ನು ಹಿಡಿದು ಫಲವೇನು? ಒರೆಯಿಂದ ಕತ್ತಿಯನ್ನು ಹಿರಿಯುವ ಕೈಯನ್ನು ತಡೆಯಲು ಆ ಹಿಡಿತ ಹುಟ್ಟಿತೆಂದು ಬಲ್ಲವರು ವಿವರಿಸುತ್ತಾರೆ. ಅಂಗೈಯ ಅಂಚಿಗೆ ಆ ವಿದ್ಯೆಯಲ್ಲಿ ‘ತೆಗಾತಾನ’, ಅಂದರೆ ಕೈಗತ್ತಿ ಎಂದೇ ಹೆಸರು. ಉಯೆಶಿಬಾ 1915ರಲ್ಲಿ ಹೊಕ್ಕೈದೊ ದ್ವೀಪದಲ್ಲಿ ಭೇಟಿಯಾಗಿ ಗುರುವಾಗಿ ಸ್ವೀಕರಿಸಿದ ತಾಕೆದಾ ಸೊಕಾಕು ಸ್ವತಃ ಖಡ್ಗವಿದ್ಯೆಯಲ್ಲಿ ನಿಪುಣನಾಗಿದ್ದನು. ಜಪಾನಿನ ಸರ್ಕಾರ 1876ರಲ್ಲಿ ಜನರು ಕತ್ತಿ ಧರಿಸಿ ತಿರುಗುವುದನ್ನು ನಿಷೇಧಿಸಿತು. ಕತ್ತಿ ಸೊಂಟದಿಂದ ಇಳಿಯಿತು, ಅದರ ನಡೆ ದೇಹದಲ್ಲಿ ಉಳಿಯಿತು.

ಇದಕ್ಕೆ ಪ್ರತಿಯಾದ ವಾದವೂ ದುರ್ಬಲವಲ್ಲ. ತಾಕೆದಾ ಕಲಿಸಿದ ದೈತೊ-ರ್‍ಯೂ ಮುಖ್ಯವಾಗಿ ಕೀಲುಗಳನ್ನು ತಿರುಚಿ ಕೆಡಹುವ ಜುಜುತ್ಸು. ಉಯೆಶಿಬಾ 1942ರಲ್ಲಿ ಇವಾಮಾ ಎಂಬ ಹಳ್ಳಿಯಲ್ಲಿ ನೆಲೆಸಿ ಕತ್ತಿ ಮತ್ತು ಕೋಲುಗಳ ಅಭ್ಯಾಸವನ್ನು ವಿಸ್ತರಿಸಿದಾಗ ಅವನ ಬರಿಗೈಯ ವಿದ್ಯೆ ಆಗಲೇ ಬಹುಮಟ್ಟಿಗೆ ಪಕ್ವವಾಗಿತ್ತು. ಕೈ ಕತ್ತಿಯಿಂದ ಕಲಿತಂತೆ ಕೋಲೂ ಕೈಯಿಂದ ಕಲಿತಿರಬಹುದು. ಒಂದು ಅಪೇಕ್ಷೆಯಿಂದ ಈ ವಿದ್ಯೆ ಆಯುಧಮೂಲವಾದುದು, ಇನ್ನೊಂದು ಅಪೇಕ್ಷೆಯಿಂದ ಹಸ್ತಮೂಲವಾದುದು. ಸ್ಯಾದ್ವಾದವನ್ನು ಬಲ್ಲವರಿಗೆ ಇದು ವಿರೋಧಾಭಾಸವೆನಿಸದು.

ಭಾರತದ ಪರಂಪರೆಯೂ ಇದನ್ನೇ ಹೇಳುತ್ತದೆ. ಕೇರಳದ ಕಳರಿಯಲ್ಲಿ ಮೊದಲು ಮೈಯ ಸಾಧನೆ, ಅನಂತರ ಕೋಲು, ಆಮೇಲೆ ಲೋಹದ ಆಯುಧ, ಕಟ್ಟಕಡೆಗೆ ಬರಿಗೈಯ ಕಲಿಕೆ. ಆಯುಧವನ್ನು ಅರಿತವನಿಗೇ ಬರಿಗೈ ಎಂಬುದು ಅಲ್ಲಿಯ ಕ್ರಮ. ಕನ್ನಡ ನಾಡಿನಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆಯುಧ ಹಿಡಿದವರ ಅಂಕವಿನೋದ ಬೇರೆ, ಜಟ್ಟಿಗಳ ಮಲ್ಲವಿನೋದ ಬೇರೆ. ಅಂದು ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಗರಡಿಯ ಕುಸ್ತಿ ಅಪರಿಚಿತವಲ್ಲ. ಗರಡಿಯಲ್ಲಿ ಗದೆಯನ್ನು ತಿರುಗಿಸಿ ತೋಳನ್ನು ಬಲಪಡಿಸುವುದುಂಟು. ಆದರೆ ಮಟ್ಟಿಗೆ ಇಳಿಯುವಾಗ ಗದೆ ಗೋಡೆಗೆ ಒರಗಿರುತ್ತದೆ.

ಮೂಲವೇ ವಸ್ತುವಿನ ಗುಣವನ್ನು ನಿರ್ಣಯಿಸುವುದಾದರೆ ಇದೇ ಸೀಮೆಯ ಎರಡು ನಿದರ್ಶನಗಳಿಗೆ ಉತ್ತರ ಹೇಳಬೇಕಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ನೆರೆದ ರೈತರು ಮಳೆಬೆಳೆಯ ಸೂಚನೆಗಾಗಿ ಮೌನವಾಗಿ ಕಿವಿಗೊಡುತ್ತಾರೆ. ಬಾಣ ಬಿಡಲು ಹುಟ್ಟಿದ ಬಿಲ್ಲು ಅಲ್ಲಿ ಮಾತಿಗೆ ಮೆಟ್ಟಿಲಾಗಿದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಒನಕೆ ಓಬವ್ವನ ತವರೆಂದು ಜನರ ನಂಬಿಕೆ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಿಂದ ನುಸುಳಿದಾಗ ಧಾನ್ಯ ಕುಟ್ಟುವ ಒನಕೆಯೇ ಅವಳ ಆಯುಧವಾಯಿತು. ಆಯುಧಮೂಲದ ಬಿಲ್ಲು ನಿರುಪದ್ರವಿಯಾಯಿತು, ಅಡುಗೆಮನೆಯ ಒನಕೆ ಪ್ರಾಣ ತೆಗೆಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನದ ವಸ್ತುಗಳನ್ನು ಎಣಿಸುವಾಗ ಖಡ್ಗದ ಜೊತೆಗೆ ನೆಲ ಅಗೆಯುವ ಗುದ್ದಲಿಯನ್ನೂ ಬೆಂಕಿಯನ್ನೂ ಸೇರಿಸಿರುವುದು ಗಮನಾರ್ಹ. ಅವರು ವಸ್ತುವಿನ ಹುಟ್ಟನ್ನು ಕೇಳಲಿಲ್ಲ. ಅದು ಯಾರ ಕೈಗೆ, ಯಾವ ಪ್ರಯೋಜನಕ್ಕಾಗಿ ಹೋಗುತ್ತಿದೆಯೆಂಬುದನ್ನು ಕೇಳಿದರು.

ಹಾಗಾದರೆ ಹಿಂಸೆಯ ನಿಜವಾದ ಬೇರು ಎಲ್ಲಿದೆ? ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಬರುವ ಭರತ–ಬಾಹುಬಲಿಯರ ಪ್ರಸಂಗ ಇದಕ್ಕೆ ಉತ್ತರ ನೀಡುತ್ತದೆ. ಎರಡು ಸೇನೆಗಳೂ ನಾಶವಾಗದಿರಲೆಂದು ಮಂತ್ರಿಗಳು ಆಯುಧಗಳನ್ನು ಬದಿಗಿರಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಬರಿಗೈಯ ಕದನದಿಂದ ಅಸಂಖ್ಯ ಪ್ರಾಣಗಳು ಉಳಿದವು. ಇದು ಸಣ್ಣ ಲಾಭವಲ್ಲ. ಆದರೆ ಮೂರರಲ್ಲಿಯೂ ಸೋತ ಭರತನು ಕೋಪದಿಂದ ಚಕ್ರವನ್ನು ಪ್ರಯೋಗಿಸಿದನು. ಇಲ್ಲಿ ಆಯುಧದಿಂದ ಬರಿಗೈ ಹುಟ್ಟಲಿಲ್ಲ, ಬರಿಗೈಯ ಸೋಲಿನಿಂದ ಆಯುಧ ಮೇಲೆದ್ದಿತು. ಎರಡಕ್ಕೂ ಮೂಲ ಮಾನಕಷಾಯ. ಅದನ್ನು ಕಂಡ ಬಾಹುಬಲಿ ಗೆದ್ದ ರಾಜ್ಯವನ್ನೇ ತೊರೆದನು.

ಪ್ರಮತ್ತಯೋಗದಿಂದ ಪ್ರಾಣಕ್ಕೆ ಉಂಟಾಗುವ ಘಾತವೇ ಹಿಂಸೆಯೆಂಬುದು ಆಚಾರ್ಯರ ನಿರ್ಣಯ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಆಕ್ರಮಣವನ್ನು ತಡೆಯುವ ವಿರೋಧೀ ಹಿಂಸೆ ಅವನಿಗೆ ಸಂಪೂರ್ಣವಾಗಿ ತಪ್ಪಿದ್ದಲ್ಲ. ಆದುದರಿಂದ ದುರ್ಬಲರಿಗೆ ರಕ್ಷಣೆಯ ವಿದ್ಯೆಯನ್ನು ಕಲಿಸುವುದು ನಿಷ್ಕಾರಣವಲ್ಲ, ಅದು ಹಿಂಸಾದಾನವಾಗದು. ಆದರೆ ಮೂಲದ ಅರಿವನ್ನು ಮಗುವಿನಿಂದ ಮುಚ್ಚಿಡಬಾರದು. ಬರಿಗೈಯೆಂದು ಹೇಳಿ ಕಲಿಸಿದರೆ ಮಗು ಅದನ್ನು ಆಟವೆಂದು ಭಾವಿಸಿ ಗೆಳೆಯನ ಮೇಲೆ ಪ್ರಯೋಗಿಸೀತು. ತಿರುಚಿದ ಕೀಲು ಮುರಿಯಬಲ್ಲದೆಂದು ತಿಳಿದ ಮಗು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಯುತ್ತದೆ.

ಮಾರುವ ಸರಕಿಗಿಂತ ಕೊಳ್ಳುವವನ ಉದ್ದೇಶವನ್ನು ತೂಗುವ ವರ್ತಕನಂತೆ, ವಿದ್ಯೆ ಕಲಿಸುವ ಗುರುವೂ ಶಿಷ್ಯನ ಮನಸ್ಸನ್ನು ತೂಗಬೇಕು. ವರಸೆಯ ಜೊತೆಗೆ ಕ್ಷಮೆಯನ್ನೂ ಕಲಿಸುವ ಗುರು ದೊರೆತರೆ ತಂದೆತಾಯಿಗಳು ಅಳುಕಬೇಕಾಗಿಲ್ಲ. ಗೆಲುವಿನ ಮದವನ್ನೇ ಕಲಿಸುವ ಕಡೆಗೆ, ಅಲ್ಲಿ ಒಂದು ಕೋಲೂ ಇಲ್ಲದಿದ್ದರೂ, ಮಗುವನ್ನು ಕಳುಹಿಸದಿರುವುದೇ ಶ್ರೇಯಸ್ಕರ.