ಮುಂಬಯಿ ನಾವಿಕರು ಮತ್ತು ಇಂಡೊನೇಷ್ಯಾದ ಪ್ರಶ್ನೆ

1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೌಕಾ ತರಬೇತಿ ಕೇಂದ್ರದ ನಾವಿಕರು ಕೆಟ್ಟ ಊಟವನ್ನು ನಿರಾಕರಿಸಿ ಮುಷ್ಕರ ಹೂಡಿದರು. ಬಂದರಿನ ಹಡಗುಗಳಲ್ಲಿ ಬ್ರಿಟಿಷ್ ಬಾವುಟ ಇಳಿಯಿತು. ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೇ ಏರಿದವು. ಊಟ, ಸಂಬಳದ ಬೇಡಿಕೆಗಳ ಜೊತೆಗೆ ಇನ್ನೊಂದು ಬೇಡಿಕೆಯಿತ್ತು: ಇಂಡೊನೇಷ್ಯಾದಿಂದ ಭಾರತೀಯ ಪಡೆಗಳನ್ನು ವಾಪಸು ಕರೆಸಬೇಕು.

ಇಂಡೊನೇಷ್ಯಾ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಿಸಿತ್ತು. ನವೆಂಬರಿನಲ್ಲಿ ಸುರಬಾಯಾದ ಬೀದಿಗಳಲ್ಲಿ ಅಲ್ಲಿನ ಯುವಕರ ವಿರುದ್ಧ ಕಾದಾಡಿದ ಬ್ರಿಟಿಷ್ ಪಡೆಯಲ್ಲಿ ಬಹುಪಾಲು ಭಾರತೀಯರೇ. ಜಪಾನಿ ಸೈನಿಕರ ಶಸ್ತ್ರ ಕಿತ್ತುಕೊಳ್ಳಬೇಕು, ಯುದ್ಧಕೈದಿಗಳನ್ನು ಬಿಡಿಸಬೇಕು ಎಂಬುದು ಬ್ರಿಟನ್ನಿನ ಸಮರ್ಥನೆ. ಕೈದಿಗಳ ಸಂಕಟ ನಿಜವೇ; ಆದರೆ ಆ ನೆವದಲ್ಲಿ, ಅಲ್ಲಿ ಹಿಂದೆ ಆಳಿದ್ದ ಡಚ್ಚರು ಮರಳಲು ದಾರಿಯಾಯಿತು.

ಪರರ ಸ್ವಾತಂತ್ರ್ಯದ ಹೋರಾಟದಲ್ಲಿ ಹೊರಗಿನವರ ಪಾತ್ರವೇನು? ಸ್ವಾತಂತ್ರ್ಯವನ್ನು ಜನ ತಾವೇ ಗಳಿಸಬೇಕೆಂದು ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ವಾದಿಸಿದ್ದ. ಪರಕೀಯರ ನೊಗ ಕಳಚಲು ಹೋರಾಡುವವರಿಗೆ ನೆರವಾಗಬಹುದೆಂದೂ ಒಪ್ಪಿದ್ದ. ಆದರೆ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ ಅವನು ಆ ವಿನಾಯಿತಿಯನ್ನು ಭಾರತಕ್ಕೆ ವಿಸ್ತರಿಸಲಿಲ್ಲ. ಗೀತೆಯ ಸ್ವಧರ್ಮದ ಮಾತು ಹಿಡಿದು, ಪರರ ಹೋರಾಟ ನಮಗೇಕೆ ಎನ್ನುವವರೂ ಉಂಟು. ನಾವಿಕರ ನೆಲೆ ಇವೆರಡಕ್ಕಿಂತ ಗಟ್ಟಿ. ಅವರು ಬಂಡಾಯಗಾರರಿಗೆ ಬಂದೂಕು ಕಳಿಸಿ ಎನ್ನಲಿಲ್ಲ. ತಮ್ಮವರ ಕೈಯಿಂದ ಇನ್ನೊಬ್ಬರ ದಾಸ್ಯ ಬಿಗಿಯುವುದು ನಿಲ್ಲಲಿ ಎಂದರು.

ಸರ್ದಾರ್ ಪಟೇಲರ ಸಲಹೆಯಂತೆ ಫೆಬ್ರವರಿ 23ರಂದು ನಾವಿಕರು ಶರಣಾದರು. ಮುಂದೆ ಸ್ವತಂತ್ರ ಭಾರತ ಇಂಡೊನೇಷ್ಯಾಕ್ಕೆ ಸೈನ್ಯ ಕಳಿಸಲಿಲ್ಲ. ಡಚ್ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, 1949ರ ಜನವರಿಯಲ್ಲಿ ದೆಹಲಿಯಲ್ಲಿ ಸಮ್ಮೇಳನ ಕರೆಯಿತು. ಅದೇ ವರ್ಷದ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಹಸ್ತಾಂತರಿಸಿದರು.