ಸಾಲದ ಬೈಕು, ಒದೆಯುವ ಹಸು

ಕಳೆದ ವರ್ಷ ನನ್ನ ಬೈಕ್ ಮಾರೋಕೆ ಹೊರಟೆ. ಕೆಲಸ ಮನೆಯಿಂದಲೇ, ಹಾಗಾಗಿ ಅದು ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಮೂರು ವರ್ಷದ ಸಾಲದಲ್ಲಿ ಇನ್ನೂ 38 ಸಾವಿರ ಬಾಕಿ. ಕೊಳ್ಳೋಕೆ ಬಂದವನು ನಮ್ಮ ಕಡೆಯವನೇ, ಊಟ ಡೆಲಿವರಿ ಮಾಡೋ ಹುಡುಗ. ದುಡಿದದ್ದೆಲ್ಲ ಬಾಡಿಗೆ ಸ್ಕೂಟರಿಗೇ ಹೋಗ್ತಿದೆ, ಸ್ವಂತದ್ದು ಬೇಕು ಅಂದ. 62 ಸಾವಿರಕ್ಕೆ ಮಾತಾಯ್ತು.

ಆರ್‌ಸಿ ಕೇಳಿದ, ಕೊಟ್ಟೆ. ಬೈಕು ಯಾರಿಗೆ ಅಡವಿದೆ ಅನ್ನೋದು ಅದರಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇತ್ತು. ಹುಡುಗ ಹಿಂದೆ ಮುಂದೆ ತಿರುಗಿಸಿ ನೋಡಿ, "ಸರಿ ಅಣ್ಣ, ಭಾನುವಾರ ದುಡ್ಡು ತರ್ತೀನಿ" ಅಂತ ವಾಪಸ್ ಕೊಟ್ಟ. ಅವನು ಓದಲಿಲ್ಲ. ನಾನು ಓದಿ ಹೇಳಲಿಲ್ಲ.

ಸಹೋದ್ಯೋಗಿಯೊಬ್ಬನಿಗೆ ಹೇಳಿದಾಗ ಅವನ ಲೆಕ್ಕ ಸರಳವಾಗಿತ್ತು. "ದುಡ್ಡು ತಗೋ, ಕೀ ಕೊಡು, ಕಂತು ನೀನೇ ಕಟ್ತಾ ಹೋಗು. ಮುಗಿದ ಮೇಲೆ ಹೆಸರು ಬದಲಾಯಿಸಿ ಕೊಡು. ಯಾರಿಗೆ ನಷ್ಟ?"

ನಿಜವಾಗಿ ನನಗೂ ಹಾಗೇ ಅನಿಸಿತ್ತು. ನನಗೆ ಮೋಸ ಮಾಡೋ ಉದ್ದೇಶ ಇರಲಿಲ್ಲ. ಕಂತು ಒಂದೂ ತಪ್ಪಿಸಿದವನಲ್ಲ. ಉದ್ದೇಶ ಚೆನ್ನಾಗಿದ್ದ ಮೇಲೆ ಸುಮ್ಮನಿದ್ದರೆ ತಪ್ಪೇನು?

ಆ ವಾರವೇ ನಮ್ಮ ಟೀಮಿನಿಂದ ಇಬ್ಬರನ್ನು ಮನೆಗೆ ಕಳಿಸಿದರು. ಅವತ್ತು ರಾತ್ರಿ ಲೆಕ್ಕ ಬೇರೆ ಥರ ಕಂಡಿತು. ನಾಳೆ ನನ್ನ ಕೆಲಸ ಹೋದರೆ, ಎರಡು ಮೂರು ಕಂತು ನಿಂತರೆ, ಸಾಲ ಕೊಟ್ಟವರು ಹುಡುಕಿಕೊಂಡು ಹೋಗೋದು ಬೈಕನ್ನ. ಅದು ಆಗ ಯಾವುದೋ ಹೋಟೆಲ್ ಮುಂದೆ, ಯಾರದೋ ಊಟ ಕಟ್ಟಿಕೊಂಡು ನಿಂತಿರುತ್ತೆ. ನನ್ನ ನೌಕರಿಯ ಅಪಾಯವನ್ನು ಆ ಹುಡುಗನ ಹೆಗಲ ಮೇಲೆ, ಅವನನ್ನು ಕೇಳದೆ ಇಟ್ಟಿರುತ್ತಿದ್ದೆ. ಕಂತು ಪೂರ್ತಿ ಕಟ್ಟಿದ್ದರೂ ಕೇಳದೆ ಇಟ್ಟದ್ದು ಇಟ್ಟದ್ದೇ ತಾನೆ? ಏನೂ ಆಗದೇ ಹೋದರೆ ಅದು ನನ್ನ ಅದೃಷ್ಟ, ಪ್ರಾಮಾಣಿಕತೆ ಅಲ್ಲ.

ಕಾನೂನು ಏನನ್ನುತ್ತೆ ಅಂತಲೂ ನೋಡಿದೆ. 1930ರ ಸರಕು ಮಾರಾಟ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಕೊಳ್ಳುವವನಿಗೆ ತಿಳಿಸದ ಸಾಲದ ಹೊರೆ ವಸ್ತುವಿನ ಮೇಲೆ ಇಲ್ಲ ಅನ್ನೋದು ಮಾರುವವನು ಬಾಯಿಬಿಟ್ಟು ಹೇಳದಿದ್ದರೂ ಕೊಟ್ಟ ಭರವಸೆಯೇ. ಅಂದರೆ ನನ್ನ ಮೌನವೂ ಮಾತಾಡಿತ್ತು, ಅದೂ ಸುಳ್ಳು.

ನಾನು ಚಿಕ್ಕವನಿದ್ದಾಗ ಅಪ್ಪ ಒಂದು ಹಸು ಮಾರಿದ್ದರು. ಹಗ್ಗ ಕೈಗೆ ಕೊಡೋ ಮುಂಚೆ, "ಕರೆಯುವಾಗ ಒದೆಯುತ್ತೆ, ಕಾಲಿಗೆ ಹಗ್ಗ ಹಾಕಿಯೇ ಕೂತ್ಕೊಳ್ಳಿ" ಅಂದರು. ರೇಟು ಅಲ್ಲೇ ಇಳಿಯಿತು. ಯಾಕೆ ಹೇಳಿದ್ರಿ ಅಂತ ದಾರಿಯುದ್ದಕ್ಕೂ ಸಿಟ್ಟು ಮಾಡಿದ್ದೆ. "ಒದೆಸಿಕೊಳ್ಳೋನು ಅವನಲ್ವೇನೋ" ಅಂದರು, ಅಷ್ಟೇ.

ಶನಿವಾರ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೇಡ ಅಂದರೂ ಬೇಜಾರಿಲ್ಲ ಅಂದೆ. ಎರಡು ದಿನ ಯೋಚಿಸಿ ಬಂದ. ಇಬ್ಬರೂ ಸೇರಿ 38 ಸಾವಿರವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿದೆವು. ರಸೀದಿ ಅವನ ಕೈಯಲ್ಲಿ, ಜೊತೆಗೆ ನಾನು ಬರೆದುಕೊಟ್ಟ ಒಂದು ಪತ್ರ. ಸಾಲ ಕೊಟ್ಟವರಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಬಂದ ಮೇಲೆ, ಫಾರಂ 29, 30 ತುಂಬಿ ಆರ್‌ಟಿಓಗೆ ಕೊಟ್ಟೆವು. ಹೆಸರು ಬದಲಾಗುವವರೆಗೂ ಬೈಕ್ ಕೊಡಲಿಲ್ಲ. ಅದಕ್ಕೆ ನನ್ನ ಸ್ವಾರ್ಥವೂ ಇತ್ತು: ಮಾರಿದ ಮೇಲೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಅಷ್ಟು ದಿನ ಅಪಾಯ ಇದ್ದದ್ದು ಅವನ ಕಡೆಯೇ, ನಿಜ. ದುಡ್ಡು ಕೊಟ್ಟಿದ್ದ, ಬೈಕ್ ಸಿಕ್ಕಿರಲಿಲ್ಲ. ಆದರೆ ಇದು ಅವನು ತಿಳಿದು, ಯೋಚಿಸಿ, ಒಪ್ಪಿಕೊಂಡ ಅಪಾಯ. ನಾನು ಮೊದಲು ಮಾಡಹೊರಟಿದ್ದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅಷ್ಟೇ. ಅಷ್ಟು ಸಾಕು ಅಂತ ನನಗನಿಸುತ್ತೆ.

ಬಾಕಿ 24 ಸಾವಿರದಲ್ಲಿ ಎರಡು ಸಾವಿರ ನಾನೇ ಬಿಟ್ಟೆ. ಕೀ ತಗೊಂಡು ಬೈಕ್ ಸ್ಟಾರ್ಟ್ ಮಾಡಿದವನು ಆಮೇಲೆ ನನ್ನ ಮುಖ ನೋಡಿ, "ಕಾರ್ಡ್ ತೋರಿಸಿದ ದಿನಾನೇ ಹೇಳಬಹುದಿತ್ತಲ್ಲಾ ಅಣ್ಣ" ಅಂದ.

ಹೌದು, ಹೇಳಬಹುದಿತ್ತು.