ಯಾರ ಮನೆಯ ಸೊಳ್ಳೆ?

ಬೇಸಿಗೆ ಬಂತೆಂದರೆ ನಗರದ ಮನೆಗಳು ಕಾದ ಹೆಂಚಿನಂತಾಗುತ್ತವೆ. ಆಗ ಸಂಜೆಯ ಪಾರ್ಕು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಬೇಕು. ಆದರೆ ಕಲ್ಲುಬೆಂಚಿನ ಮೇಲೆ ಕುಳಿತು ಐದು ನಿಮಿಷವಾಗುವಷ್ಟರಲ್ಲಿ ಕಾಲಿನ ಬಳಿ ಚುರುಕ್ ಎನ್ನುತ್ತದೆ, ಕೈ ತಾನಾಗಿ ಏಳುತ್ತದೆ, ಬಡಿಯುತ್ತದೆ. ಆ ಏಟಿನ ಹಿಂದೆ ಯಾವ ಆಲೋಚನೆಯೂ ಇರುವುದಿಲ್ಲ. ಆಲೋಚನೆ ಶುರುವಾಗುವುದು ಆಮೇಲೆ, ನಾವು ನಗರಪಾಲಿಕೆಗೆ ಅರ್ಜಿ ಬರೆಯಲು ಕುಳಿತಾಗ. ಪಾರ್ಕಿನಲ್ಲಿ ಹೊಗೆ ಬಿಡಿಸಿ, ಪೊದೆಗಳನ್ನು ಸವರಿಸಿ, ಮಾವಿನ ಮರದಲ್ಲಿರುವ ಕೆಂಪಿರುವೆಯ ಗೂಡುಗಳಿಗೆ ಔಷಧಿ ಹೊಡೆಸಿ ಎಂದು ಕೇಳುತ್ತೇವೆ. ಇಲ್ಲಿ ಚರ್ಚಿಸಬೇಕಾಗಿರುವುದು ಆ ಅರ್ಜಿಯ ಬಗ್ಗೆ.

ಸೊಳ್ಳೆಯನ್ನು ಕೊಲ್ಲಬಹುದೇ ಎಂಬ ಪ್ರಶ್ನೆ ನಮ್ಮನ್ನು ಹೆಚ್ಚು ಹೊತ್ತು ಕಾಡಬೇಕಾಗಿಲ್ಲ. ಅಹಿಂಸೆಯನ್ನು ಅತ್ಯಂತ ಸೂಕ್ಷ್ಮವಾಗಿ ಪಾಲಿಸುವ ಜೈನ ಚಿಂತನೆ ಕೂಡ ಗೃಹಸ್ಥನ ವಿಷಯ ಬಂದಾಗ ಬೇಕೆಂದೇ ಮಾಡುವ ಹಿಂಸೆಯನ್ನೂ ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನೂ ಬೇರೆಬೇರೆಯಾಗಿ ನೋಡುತ್ತದೆ. ಕಷ್ಟದ ಪ್ರಶ್ನೆ ಬೇರೆ ಇದೆ. ಕಚ್ಚಿದ್ದು ಒಂದು, ಸಾಯಬೇಕಾದದ್ದು ಎಷ್ಟು?

ಇದಕ್ಕೆ ಸಂಬಂಧಿಸಿದ ಒಂದು ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಹಿಂದಿನ ಕಾಲದ ಓರ್ವ ಪ್ರವಾದಿಗೆ ಇರುವೆಯೊಂದು ಕಚ್ಚಿತು. ಅವರು ಇಡೀ ಗೂಡನ್ನೇ ಸುಡಿಸಿದರು. ಆಗ ಅಲ್ಲಾಹನು ಅವರನ್ನು ಆಕ್ಷೇಪಿಸಿದನು: ಕಚ್ಚಿದ್ದು ಒಂದು ಇರುವೆ, ಅದಕ್ಕಾಗಿ ದೇವಸ್ತುತಿ ಮಾಡುವ ಒಂದು ಸಮುದಾಯವನ್ನೇ ನಾಶ ಮಾಡಿದೆಯಲ್ಲ ಎಂದು. ಇರುವೆಗಳನ್ನು ಇಲ್ಲಿ ಒಂದು ಸಮುದಾಯವೆಂದು ಕರೆದಿರುವುದು ಗಮನಾರ್ಹ. ಒಬ್ಬನ ತಪ್ಪಿಗೆ ಊರನ್ನೇ ಹೊಣೆ ಮಾಡುವ ಅಭ್ಯಾಸ ಮನುಷ್ಯರ ನಡುವೆ ಎಷ್ಟು ಹಳೆಯದೆಂದು ಬಲ್ಲವರಿಗೆ ಈ ಆಕ್ಷೇಪ ಇರುವೆಗಳಿಗಷ್ಟೇ ಸೀಮಿತವೆಂದು ಅನಿಸಲಾರದು.

ನಾವು ಕೇಳಿ ಪಡೆಯುವ ಹೊಗೆಯನ್ನೇ ನೋಡೋಣ. ಡೀಸೆಲ್‌ನಲ್ಲಿ ಬೆರೆಸಿದ ಕೀಟನಾಶಕವನ್ನು ಯಂತ್ರ ಬುಸುಗುಡುತ್ತಾ ಉಗುಳುತ್ತದೆ, ಮಕ್ಕಳು ಹಿಂದೆ ಓಡುತ್ತಾರೆ, ಏನೋ ಕೆಲಸ ನಡೆಯಿತೆಂಬ ಸಮಾಧಾನ ನಮಗಾಗುತ್ತದೆ. ಈ ಹೊಗೆ ಕೊಲ್ಲುವುದು ಆ ಗಳಿಗೆಯಲ್ಲಿ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನೊಳಗಿನ ಮರಿಗಳಿಗೆ ಅದು ತಾಗುವುದೇ ಇಲ್ಲ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಹೆಚ್ಚಾಗಿ ಮನೆಯೊಳಗೆ ಮಂಚದಡಿ, ಪರದೆಯ ಮರೆಯಲ್ಲಿ ಕುಳಿತಿರುತ್ತದೆ. ಬೀದಿಯ ಹೊಗೆ ಅಲ್ಲಿಗೆ ಮುಟ್ಟುವುದು ಕಡಿಮೆ. ಬೇಸಿಗೆಯ ಬಿಸಿಗೆ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರ ಕಳೆಯುವಷ್ಟರಲ್ಲಿ ಹೊಸ ತಲೆಮಾರು ಸಿದ್ಧ. ಅಷ್ಟರಲ್ಲಿ ಹೂವಿಗೆ ಬಂದಿದ್ದ ಜೇನು, ಪಾತರಗಿತ್ತಿಗಳಿಗೆ ಹೊಗೆ ತಾಗಿರುತ್ತದೆ. ಸೊಳ್ಳೆಯನ್ನೇ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯೂ ಪಾರಾಗುವುದಿಲ್ಲ. ರೋಗ ಹಬ್ಬಿದ ಬೀದಿಯಲ್ಲಿ ತುರ್ತಿಗೆ ಹೊಗೆ ಬೇಕಾಗಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ವಾಯುವಿಹಾರಿಗಳ ನೆಮ್ಮದಿಗೆಂದು ಬಿಡುವ ಹೊಗೆಯ ಮಾತು ಬೇರೆ.

ಹಾಗಾದರೆ ಕಚ್ಚಿಸಿಕೊಂಡು ಸುಮ್ಮನಿರಬೇಕೇ? ಈ ವಾದ ಮಾಡಿದವರೂ ಇದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾವೈದ್ಯ ಬೆಂಗಳೂರಿಗೆ ಬಂದ. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದ, ಕಾಟ ನಿಂತಿತು. ಅಧಿಕಾರಿಗಳ ಭೋಜನಗೃಹದ ತೋಟದ ತೊಟ್ಟಿಗಳನ್ನೂ ಹೂದಾನಿಗಳನ್ನೂ ಹೀಗೆಯೇ ಖಾಲಿ ಮಾಡೋಣವೆಂದಾಗ ಅಲ್ಲಿನ ಮೇಲಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳನ್ನು ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಬಾರದು, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬುದು ಆತನ ತರ್ಕ. ಸೊಳ್ಳೆ ಮಲೇರಿಯಾ ತರುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡವನು ಇದೇ ರಾಸ್. 1902ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಸೃಷ್ಟಿಗೆ ಉದ್ದೇಶವಿದೆ ಎಂಬ ಮಾತಿಗೆ ನಮ್ಮ ತಕರಾರಿಲ್ಲ. ಕುರ್‌ಆನ್ ಸೊಳ್ಳೆಯಂತಹ ಕ್ಷುದ್ರ ಜೀವಿಯ ಉಪಮೆ ನೀಡಲು ಸಂಕೋಚಪಡುವುದಿಲ್ಲ. ಆದರೆ ಆ ತೊಟ್ಟಿಯಲ್ಲಿ ನೀರು ನಿಲ್ಲಿಸಿದವರು ಯಾರು? ಮನುಷ್ಯರು ಮಾಡಿದ ಅಲಕ್ಷ್ಯವನ್ನು ಪ್ರಕೃತಿಯ ಹೆಸರಿಗೆ ಬರೆದು ಕೈತೊಳೆದುಕೊಂಡ ಆ ಅಧಿಕಾರಿಗೂ, ಎಲ್ಲವನ್ನೂ ಹೊಗೆಯಲ್ಲಿ ಮುಳುಗಿಸಿ ಎನ್ನುವ ನಮಗೂ ಒಂದು ಸಾಮ್ಯವಿದೆ. ಇಬ್ಬರೂ ತೊಟ್ಟಿಯನ್ನು ಮುಟ್ಟುವುದಿಲ್ಲ.

ಈಡಿಸ್ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರಿನೊಳಗೇ ಅದರ ಬದುಕು ಮುಗಿಯುತ್ತದೆ. ಅಂದರೆ ಪಾರ್ಕಿನಲ್ಲಿ ಹಗಲು ಹೊತ್ತು ಕಚ್ಚಿದ ಸೊಳ್ಳೆ ಬಹುತೇಕ ಅಲ್ಲೇ ಬಿದ್ದ ಎಳನೀರಿನ ಬುರುಡೆಯದ್ದು, ಇಲ್ಲವೇ ಸುತ್ತಲಿನ ಮನೆಗಳ ಹೂಕುಂಡದ ತಟ್ಟೆಯದ್ದು, ತಾರಸಿಯ ಹಳೆ ಟಯರಿನದ್ದು. ಅದು ಪೊದೆಯದ್ದಲ್ಲ, ಪೊದೆ ಬರೀ ನೆರಳು. ಪಾರ್ಕನ್ನು ಬೋಳಿಸಿದರೂ ತಟ್ಟೆ ಅಲ್ಲೇ ಇರುತ್ತದೆ. ತಟ್ಟೆಯ ನೀರು ಚೆಲ್ಲಿದರೂ ಸಾಲದು. ಅಂಚಿಗೆ ಅಂಟಿದ ಮೊಟ್ಟೆ ಒಣಗಿಯೇ ತಿಂಗಳುಗಟ್ಟಲೆ ಕಾಯುತ್ತದೆ, ಬೇಸಿಗೆಯ ಮೊದಲ ಮಳೆಗೆ ಒಡೆಯುತ್ತದೆ. ಉಜ್ಜಿ ತೊಳೆಯಬೇಕು. ನೆರೆಯವನಿಗೆ ತನ್ನಿಂದ ತೊಂದರೆಯಾಗಬಾರದು ಎಂಬ ಪಾಠವನ್ನು ನಾವು ಮೈಕಿನ ಸದ್ದಿಗೆ, ಬಾಗಿಲೆದುರು ನಿಲ್ಲಿಸಿದ ಕಾರಿಗೆ ಅನ್ವಯಿಸುತ್ತೇವೆ. ನಮ್ಮ ತಟ್ಟೆಯಲ್ಲಿ ಹುಟ್ಟಿ ಪಕ್ಕದ ಮನೆಯ ಮಗುವನ್ನು ಕಚ್ಚುವ ಸೊಳ್ಳೆಯ ಲೆಕ್ಕ ಯಾರ ಖಾತೆಗೆ?

ಆದರೆ ಈ ನೆರೆಹೊರೆಯ ನ್ಯಾಯ ಎಲ್ಲರ ಮೇಲೆ ಸಮನಾಗಿ ಬೀಳುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಾಮಗಾರಿಯ ಜಾಗಕ್ಕೆ 2,000. ಕೋಟಿಗಳ ಕಟ್ಟಡ ಎಬ್ಬಿಸುವವನಿಗೆ ಎರಡು ಸಾವಿರ ಚಹಾ ಖರ್ಚು. ಕೂಲಿಯವಳಿಗೆ ನಾನೂರು ಎಂದರೆ ದಿನದ ದುಡಿಮೆಯ ದೊಡ್ಡ ಪಾಲು. ಮಂಗಳೂರಿನಲ್ಲಿ 1990ರ ದಶಕದಿಂದ ಕಟ್ಟಡಗಳ ಜೊತೆಗೇ ಮಲೇರಿಯಾವೂ ಬೆಳೆದಾಗ, ಹೊರಗಿನ ಕಾರ್ಮಿಕರು ರೋಗ ತಂದರೆಂಬ ಮಾತು ಸಲೀಸಾಗಿ ಹರಿದಾಡಿತು. ತಾರಸಿ ಗಟ್ಟಿಯಾಗಲೆಂದು ದಿನಗಟ್ಟಲೆ ನಿಲ್ಲಿಸಿದ ನೀರು ಆ ಕಾರ್ಮಿಕರದ್ದಾಗಿರಲಿಲ್ಲ. ಅದರ ಪಕ್ಕದಲ್ಲಿ ಪರದೆಯಿಲ್ಲದೆ ಮಲಗಿದವರು ಮಾತ್ರ ಅವರೇ.

ಪಾರ್ಕು ಗುಡಿಸುವ ಹೆಂಗಸು ಬೆಳಿಗ್ಗೆ ನಾವು ನಡೆದಾಡುವ ಹೊತ್ತಿಗೇ ಬಂದಿರುತ್ತಾಳೆ. ಈಡಿಸ್ ಹೆಚ್ಚು ಕಚ್ಚುವ ಹೊತ್ತೂ ಅದೇ. ನಾವು ಮೈಗೆ ಸೊಳ್ಳೆ ಮುಲಾಮು ಸವರಿ ಬರುತ್ತೇವೆ, ಅರ್ಧ ಗಂಟೆಯಲ್ಲಿ ಹೊರಡುತ್ತೇವೆ. ಅವಳ ಮನೆಯಿರುವ ಬೀದಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ, ಹಾಗಾಗಿ ಬಾಗಿಲ ಬಳಿ ಡ್ರಮ್ಮು ಇದ್ದೇ ಇರುತ್ತದೆ. ಡ್ರಮ್ಮಿಗೆ ಬಟ್ಟೆ ಕಟ್ಟಿರೆಂದು ಹೇಳುವುದು ಸುಲಭ, ಹೇಳಲೂಬೇಕು. ಆದರೆ ಪಾರ್ಕಿನ ಸೊಳ್ಳೆಯ ಬಗ್ಗೆ ನಾವು ಬರೆಯುವ ಅರ್ಜಿಯಲ್ಲಿ ಹೊಗೆಯ ಬೇಡಿಕೆಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹೀಗೆ ಕೇಳಬಹುದಿತ್ತು: ಪಾರ್ಕಿನ ಹಿಂದಿನ ಬೀದಿಗೆ ದಿನವೂ ನೀರು ಬಿಡುವುದು ಯಾವಾಗ?